ಕ್ಲೋನೆಸ್ ಊರಿನ ಹ್ಯಾಂಡ್ ದೊರೆಸಾನಿ

ನಮ್ಮ ಬಯಲುಸೀಮೆಯ ಬಡವನಿಗೆ ರಾಗಿ ಹೇಗೋ ಐರ್ಲೆಂಡ್ ದ್ವೀಪದ ಬಡವನಿಗೆ ಆಲೂಗಡ್ಡೆಯು ಹಾಗಿತ್ತು. 1845ನೆಯ ಇಸವಿಯಲ್ಲಿ ಆ ಬೆಳೆಗೆ ಕೊಳೆರೋಗವು ತಗಲಿ, ಗೆಡ್ಡೆಗಳು ನೆಲದೊಳಗೇ ಕಪ್ಪಾಗಿ ನಾರಿದವು. ಮರುವರುಷವೂ ಹಾಗೆಯೇ ಆಯಿತು. ಹಸಿವಿನಿಂದಲೂ ಅದರ ಬೆನ್ನಟ್ಟಿ ಬಂದ ಜ್ವರಗಳಿಂದಲೂ ಕೆಲವೇ ವರುಷಗಳೊಳಗೆ ಸುಮಾರು 10 ಲಕ್ಷ ಜನರು ಸತ್ತರು. ಅಷ್ಟೇ ಮಂದಿ ಹಡಗು ಹತ್ತಿ ದೇಶಾಂತರ ಹೋದರು.

ಆ ಕ್ಷಾಮವು ಅತಿ ಕ್ರೂರವಾಗಿದ್ದ 1847ರಲ್ಲಿ ಕಸ್ಸಾಂಡ್ರಾ ಹ್ಯಾಂಡ್ ಎಂಬಾಕೆಯು ತನ್ನ ಗಂಡನಾದ ತಾಮಸ್ ಹ್ಯಾಂಡ್ ಬೋಧಕರ ಸಂಗಡ ಇಂಗ್ಲೆಂಡಿನಿಂದ ಮೊನಹನ್ ಸೀಮೆಯ ಕ್ಲೋನೆಸ್ ಊರಿಗೆ ಬಂದಳು. ಆ ಸೀಮೆಯ ಬಡವರಲ್ಲಿ ಹೆಚ್ಚಿನವರು ಬೋಧಕರ ಸಭೆಗೆ ಸೇರಿದವರಲ್ಲ, ರೋಮನ್ ಸಭೆಯವರು. ಹಸಿದವನಿಗೆ ಗಂಜಿ ಹೊಯ್ಯುವದು ಒಳ್ಳೇದೇ. ಆದರೆ ಅದರಿಂದ ಇಂದಿನ ಹೊಟ್ಟೆ ತುಂಬುವದಲ್ಲದೆ ನಾಳಿನದು ತುಂಬದು. ಹೆಂಗಸರಿಗೆ ಮನೆಯಲ್ಲೇ ಕೂಲಿ ಹುಟ್ಟುವ ಕೆಲಸವು ಬೇಕಾಗಿತ್ತು. ಕಿಲ್ಡೇರ್ ಸೀಮೆಯ ಥಾರ್ನ್‌ಟನ್ ಎಂಬಲ್ಲಿ ರಾಬರ್ಟ್ಸ್ ದೊರೆಸಾನಿಯು ಬಡ ಸ್ತ್ರೀಯರಿಗೆ ಕ್ರೋಶೆ ಹೆಣಿಗೆಯನ್ನು ಕಲಿಸಿದ್ದಳು. ಅಲ್ಲಿಂದ ಕಲಿತವಳೊಬ್ಬಳನ್ನು ಹ್ಯಾಂಡ್ ದೊರೆಸಾನಿಯು ಕ್ಲೋನೆಸಿಗೆ ಕರೆಯಿಸಿಕೊಂಡಳು.

ಈ ಕೆಲಸಕ್ಕೆ ಮಗ್ಗ ಬೇಡ, ದಿಂಬು ಬೇಡ. ತುದಿಯಲ್ಲಿ ಕೊಕ್ಕೆಯುಳ್ಳ ಒಂದು ಸೂಜಿ, ಒಂದುಂಡೆ ನೂಲು, ಇಷ್ಟೇ. ಇಟಲಿಯ ವೆನಿಸ್ ಪಟ್ಟಣದ ಹಳೆಯ ಉಬ್ಬು ಲೇಸು ಬಹು ಬೆಲೆಯುಳ್ಳದ್ದು. ಅದನ್ನು ಹೋಲುವಂಥದನ್ನು ಕೊಕ್ಕೆಸೂಜಿಯಿಂದ ಶೀಘ್ರವಾಗಿ ಮಾಡಬಹುದೆಂದು ಕಂಡುಬಂತು. ಮೊದಲು ಗುಲಾಬಿ, ಎಲೆ, ದ್ರಾಕ್ಷೆಗೊಂಚಲು, ಐರ್ಲೆಂಡಿನ ಮೂರೆಲೆಯ ಶ್ಯಾಮ್ರಾಕ್ ಗಿಡ, ಇವುಗಳನ್ನು ಒಂದೊಂದಾಗಿ ಹೆಣೆಯುವರು. ಹೂವು ಉಬ್ಬಿ ನಿಲ್ಲುವಂತೆ ಒಳಗೆ ದಪ್ಪ ದಾರವನ್ನಿಟ್ಟು ಅದರ ಮೇಲೆ ಹೆಣೆಯುವರು. ಬಳಿಕ ಬಟ್ಟೆಯ ಮೇಲೆ ಅವುಗಳನ್ನು ಮುಖ ಕೆಳಗಾಗಿ ಇರಿಸಿ, ಹೊಲಿದು ನಿಲ್ಲಿಸಿ, ನಡುವಿನ ಬರಿದಾದ ಸ್ಥಳವನ್ನು ಸಣ್ಣ ಗಂಟುಗಳುಳ್ಳ ಬಲೆಯಿಂದ ತುಂಬುವರು. ನೂಲನ್ನು ಸೂಜಿಗೆ ಹಲವು ಸುತ್ತು ಸುತ್ತಿ ಒಮ್ಮೆಗೇ ಎಳೆಯುವ ಆ ಗಂಟಿಗೆ ಕ್ಲೋನೆಸ್ ಗಂಟೆಂದೇ ಹೆಸರು. ಬಲೆಗೆ ಇಷ್ಟೇ ಸಾಲೆಂಬ ಕಟ್ಟಳೆಯಿಲ್ಲ. ಹೂವುಗಳ ನಡುವೆ ಎಷ್ಟು ಎಡೆಯಿದೆಯೋ ಅದಕ್ಕೆ ತಕ್ಕಂತೆ ಕೈ ನಡೆಯಬೇಕು. ಇಂದು ಮಾದರಿಯಿಲ್ಲದೆ ಮನಸ್ಸಿಗೆ ತೋರಿದಂತೆ ಕ್ರೋಶೆ ಹೆಣೆಯುವವರು ಈ ರೀತಿಯನ್ನೇ ಬಹುವಾಗಿ ಅನುಸರಿಸುತ್ತಾರೆ.

ಗುಡಿಸಲುಗಳ ಹೊಗೆಯಲ್ಲಿ ಬಿಳಿ ನೂಲು ಕಂದದೆ ಇರುವದೇ? ಮುಗಿದ ಲೇಸನ್ನು ಒಗೆದು ಬಿಳಿದು ಮಾಡಿದ ನಂತರವೇ ಅದು ಶ್ರೀಮಂತರ ಕೊರಳಿಗೆ ಏರುತ್ತಿತ್ತು. ಒಂದೊಂದು ಮನೆಯವರು ಒಂದೊಂದು ಹೂವನ್ನು ತಮ್ಮದಾಗಿ ಮಾಡಿಕೊಂಡು, ನೆರೆಯವರು ಬಂದಾಗ ಕೆಲಸವನ್ನು ಮರೆಮಾಡುತ್ತಿದ್ದರೆಂದು ಹೇಳುತ್ತಾರೆ. ಇದನ್ನು ಕೇಳಿ ನಗುವವರು ಆ ಹೂವೇ ಅವರ ಹೊಲವೆಂಬದನ್ನು ಮರೆಯಬಾರದು.

ಹೀಗೆ ಊರಿನ ಸುತ್ತಲೂ ನೂರಾರು ಹೆಂಗಸರಿಗೂ ಹುಡುಗಿಯರಿಗೂ ಕೂಲಿ ದೊರೆಯಿತು. ಕಷ್ಟವಿಲ್ಲದೆ ಇರಲಿಲ್ಲ. ಲೇಸು ಸಿರಿವಂತರ ಉಡುಪಿನ ಚಾಳಿಗೆ ಅಧೀನವಾದ ಸರಕು. ಚಾಳಿ ಬದಲಾದರೆ ಗುಡಿಸಲಿನ ಒಲೆ ಆರುವದು. ಬೇಡಿಕೆ ಏರಿದಾಗ ಅವಸರದ ಒರಟು ಕೆಲಸವೂ ಪೇಟೆಗೆ ಬಂದು ಒಳ್ಳೆಯದರ ಬೆಲೆಯನ್ನು ಕೆಡಿಸಿತು. ಆದರೂ ಈ ಕಸುಬು ಅಳಿಯಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಐರಿಶ್ ಕ್ರೋಶೆಯು ಪ್ಯಾರಿಸ್ ಪಟ್ಟಣದ ಉಡುಪುಗಳ ಮೇಲೆಯೂ ಕಾಣಿಸಿಕೊಂಡಿತು.

ಕ್ಲೋನೆಸಿನಲ್ಲಿ ಹ್ಯಾಂಡ್ ದೊರೆಸಾನಿಯ ಹೆಸರನ್ನು ಹೊತ್ತ ಕಟ್ಟಡವೊಂದಿದೆ. ಆ ಊರಿನ ಗಂಟನ್ನು ಹಾಕಬಲ್ಲವರು ಈಗಲೂ ಇದ್ದಾರೆ. ಕಲಿಯುವವರ ಸೂಜಿಯಲ್ಲಿ ಅದು ಮೊದಮೊದಲು ಸಡಿಲವಾಗಿಯೇ ಬರುತ್ತದೆ.