ಕಣ್ಣಿನ ನಡೆಗೆ ಕನ್ನಡಿ ಹಿಡಿದ ಯಾರ್ಬಸ್

ಮಂಗಳೂರಿನ ಬಾವುಟಗುಡ್ಡೆಯ ಸಂತ ಅಲೋಶಿಯಸ್ ಪ್ರಾರ್ಥನಾಲಯದಲ್ಲಿ ಅಂತೋನಿಯೊ ಮೊಸ್ಕೇನಿಯವರ ವರ್ಣಚಿತ್ರಗಳನ್ನು ನೋಡುವವರಿಗೆ, ತಮ್ಮ ದೃಷ್ಟಿ ಛಾವಣಿಯುದ್ದಕ್ಕೂ ಸರಾಗವಾಗಿ ಹರಿಯುತ್ತಿದೆ ಎಂದೇ ಭಾಸವಾಗುತ್ತದೆ. ವಾಸ್ತವದಲ್ಲಿ ಕಣ್ಣು ಒಂದೆಡೆ ಕ್ಷಣಕಾಲ ನಿಂತು, ಥಟ್ಟನೆ ಇನ್ನೊಂದೆಡೆಗೆ ಜಿಗಿಯುತ್ತದೆ. ಈ ಜಿಗಿತಗಳನ್ನು ದಾಖಲಿಸಿ, ಅವುಗಳ ಹಿಂದಿನ ಮನೋವ್ಯಾಪಾರವನ್ನು ಲೋಕಕ್ಕೆ ತೋರಿಸಿದವರು ಸೋವಿಯತ್ ವಿಜ್ಞಾನಿ ಆಲ್ಫ್ರೆಡ್ ಯಾರ್ಬಸ್.

ಯಾರ್ಬಸ್ ಜನಿಸಿದ್ದು 1914ರಲ್ಲಿ. ಅದಕ್ಕೂ ಮುನ್ನ, 19ನೇ ಶತಮಾನದ ಕೊನೆಯಲ್ಲಿ, ಅಮೆರಿಕದ ಎಡ್ಮಂಡ್ ಹ್ಯೂಯಿ ಓದುಗರ ಕಣ್ಣಿಗೆ ಪ್ಲಾಸ್ಟರ್‌ನ ಪುಟ್ಟ ಬಟ್ಟಲನ್ನು ತೊಡಿಸಿ, ಅದಕ್ಕೆ ಜೋಡಿಸಿದ ಅಲ್ಯೂಮಿನಿಯಂ ಕಡ್ಡಿಯಿಂದ ಕಣ್ಣಿನ ಚಲನೆಯನ್ನು ಗುರುತಿಸಿದ್ದರು. ಯಾರ್ಬಸ್ ಈ ಬಗೆಯ ಸಾಧನವನ್ನು ಬಹುದೂರ ಕೊಂಡೊಯ್ದರು. ಹೀರುವಿಕೆಯ ಬಲದಿಂದ ಕಣ್ಣುಗುಡ್ಡೆಗೆ ಅಂಟಿಕೊಳ್ಳುವ ಹಗುರವಾದ ಟೋಪಿ, ಅದರ ಮೇಲೊಂದು ಪುಟ್ಟ ಕನ್ನಡಿ. ಕನ್ನಡಿಯಿಂದ ಪ್ರತಿಫಲಿಸಿದ ಬೆಳಕು ಛಾಯಾಗ್ರಹಣ ಕಾಗದದ ಮೇಲೆ ನೋಟದ ಜಾಡನ್ನು ಬರೆಯುತ್ತಿತ್ತು. ಅರಿವಳಿಕೆ ಹನಿ ಹಾಕಿಸಿಕೊಂಡು, ರೆಪ್ಪೆಗಳನ್ನು ಪಟ್ಟಿಯಿಂದ ಬಿಗಿಸಿಕೊಂಡು, ತಲೆ ಅಲುಗಿಸದೆ ಕುಳಿತವರು ಕೆಲವೇ ನಿಮಿಷ ಇದನ್ನು ಸಹಿಸಬಲ್ಲವರಾಗಿದ್ದರು.

ಈ ಕಷ್ಟಕ್ಕೆ ಫಲವೂ ದೊರೆಯಿತು. ಚಿತ್ರವನ್ನು ಟೋಪಿಗೇ ಜೋಡಿಸಿ ಕಣ್ಣಿನೊಡನೆ ಚಲಿಸುವಂತೆ ಮಾಡಿದಾಗ, ಕೆಲವೇ ಸೆಕೆಂಡುಗಳಲ್ಲಿ ಅದು ನೋಡುವವರಿಗೆ ಮಾಯವಾಗುತ್ತಿತ್ತು. ಕಣ್ಣಿನ ಮೇಲೆ ಬಿಂಬ ಕದಲದೆ ನಿಂತರೆ ಕಾಣ್ಕೆಯೇ ಇಲ್ಲವೆಂಬುದು ಹೀಗೆ ಸ್ಪಷ್ಟವಾಯಿತು.

ಬಹುದಿನಗಳ ಬಳಿಕ ಅನಿರೀಕ್ಷಿತವಾಗಿ ಮನೆಗೆ ಮರಳಿದ ವ್ಯಕ್ತಿಯನ್ನು ಚಿತ್ರಿಸಿದ ಇಲ್ಯಾ ರೆಪಿನ್ ಅವರ ಕಲಾಕೃತಿಯ ಪ್ರಯೋಗ ಇನ್ನೂ ಪ್ರಸಿದ್ಧ. ಒಬ್ಬರೇ ವೀಕ್ಷಕರಿಗೆ ಅದನ್ನು 7 ಬಾರಿ ತೋರಿಸಲಾಯಿತು. ಚಿತ್ರದಲ್ಲಿರುವವರ ವಯಸ್ಸನ್ನು ಅಂದಾಜಿಸಲು ಹೇಳಿದಾಗ ನೋಟ ಮುಖಗಳ ಮೇಲೆ ನಿಂತಿತು. ಉಡುಪುಗಳನ್ನು ನೆನಪಿಡಲು ಹೇಳಿದಾಗ ಮೈಮೇಲಿನ ಬಟ್ಟೆಗಳತ್ತ ಸರಿಯಿತು. ಚಿತ್ರ ಒಂದೇ, ಪ್ರಶ್ನೆ ಬದಲಾದಂತೆ ನೋಟದ ಹಾದಿಯೂ ಬದಲಾಯಿತು. ಏನನ್ನು ಹುಡುಕುತ್ತೇವೆಯೋ ಅದರತ್ತಲೇ ಕಣ್ಣು ನಡೆಯುತ್ತದೆಂಬುದಕ್ಕೆ ಇದು ಸಾಕ್ಷಿಯಾಯಿತು.

1965ರಲ್ಲಿ ರಷ್ಯನ್ ಭಾಷೆಯಲ್ಲಿ ಪ್ರಕಟವಾದ ಅವರ ಗ್ರಂಥ 1967ರಲ್ಲಿ ಇಂಗ್ಲಿಷಿಗೆ ಅನುವಾದಗೊಂಡು, ವಿಶ್ವದಾದ್ಯಂತ ಸಂಶೋಧಕರ ಕೈಸೇರಿತು. 1986ರಲ್ಲಿ ಯಾರ್ಬಸ್ ನಿಧನರಾದರು.

ಇಂದು ಕಣ್ಣನ್ನು ಮುಟ್ಟಬೇಕಾದ ಅಗತ್ಯವಿಲ್ಲ. ಕನ್ನಡಕದ ಚೌಕಟ್ಟಿನಲ್ಲಿ ಅಡಗಿರುವ ಕಿರು ಕ್ಯಾಮೆರಾಗಳು ಅತಿಗೆಂಪು ಬೆಳಕಿನ ನೆರವಿನಿಂದ ನೋಟದ ಜಾಡು ಹಿಡಿಯುತ್ತವೆ. ಇದೇ ಬಗೆಯ ತಂತ್ರಜ್ಞಾನದಿಂದ, ಕೈಕಾಲು, ಮಾತು ಕಳೆದುಕೊಂಡವರು ಕಣ್ಣಿನಿಂದಲೇ ಅಕ್ಷರ ಆಯ್ದು ಬರೆಯುತ್ತಾರೆ. ಯಾರ್ಬಸ್ ಅವರ ಪ್ರಯೋಗಕ್ಕೆ ಕುಳಿತವರಿಗೆ ತಮ್ಮ ನೋಟ ದಾಖಲಾಗುತ್ತಿರುವುದು ಖಚಿತವಾಗಿ ತಿಳಿದಿತ್ತು. ಹಗುರ ಕನ್ನಡಕ ತೊಟ್ಟವರಿಗೆ ಅದು ಮರೆತೇ ಹೋಗಬಹುದು. ನೋಟವು ಮನದ ಆಸಕ್ತಿಯನ್ನು ಹೊರಗೆಡಹುವುದರಿಂದ, ಆ ದಾಖಲೆ ಯಾರ ಕೈಸೇರುತ್ತದೆ ಎಂದು ಕೇಳುವುದು ಇಂದಿನ ಬಳಕೆದಾರರ ಹೊಣೆ.