ಬೆಲೆಗಿಂತ ಬರಹವನ್ನು ನೋಡಿದ ಸಂಗ್ರಾಹಕ

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ಸುಮಾರು 1,700 ಚೀನೀ ಪಿಂಗಾಣಿ ವಸ್ತುಗಳನ್ನು ದಾನವಾಗಿ ನೀಡುವ ನಿರ್ಧಾರ 2024ರ ನವೆಂಬರ್‌ನಲ್ಲಿ ಪ್ರಕಟವಾಯಿತು. ಅವುಗಳ ಅಂದಾಜು ಬೆಲೆ ನೂರು ಕೋಟಿ ಪೌಂಡ್. ನಮ್ಮ ಹಣದಲ್ಲಿ ಹತ್ತು ಸಾವಿರ ಕೋಟಿ ರೂಪಾಯಿಗೂ ಮಿಗಿಲು. ಸುದ್ದಿಯಲ್ಲಿ ಎದ್ದು ಕಂಡದ್ದು ಈ ಅಂಕಿಯೇ. ಆದರೆ ಆ ಸಂಗ್ರಹವನ್ನು ಕೂಡಿಸಿದ ಸರ್ ಪರ್ಸಿವಲ್ ಡೇವಿಡ್ ನಮ್ಮ ಮುಂಬೈಯಲ್ಲಿ ಹುಟ್ಟಿದವರೆಂಬುದೂ, ಅವರ ನಿಜವಾದ ಕೊಡುಗೆ ಬೆಲೆಯ ಲೆಕ್ಕಕ್ಕೆ ಸಿಕ್ಕುವಂಥದ್ದಲ್ಲವೆಂಬುದೂ ಹೆಚ್ಚು ಮಂದಿಗೆ ತಿಳಿದಂತಿಲ್ಲ.

ಡೇವಿಡ್ ಜನಿಸಿದ್ದು 1892ರಲ್ಲಿ. ಬಾಗ್ದಾದಿನಿಂದ ಬಂದು ಮುಂಬೈಯಲ್ಲಿ ನೆಲೆಸಿದ ಯಹೂದಿ ವರ್ತಕ ಸಮುದಾಯಕ್ಕೆ ಸೇರಿದ ಕುಟುಂಬ ಅವರದು. ತಂದೆ ಸರ್ ಸಸೂನ್ ಡೇವಿಡ್ ಹತ್ತಿ ಗಿರಣಿಗಳ ಒಡೆಯರು; 1906ರಲ್ಲಿ ಆರಂಭವಾದ ಬ್ಯಾಂಕ್ ಆಫ್ ಇಂಡಿಯಾದ ಸ್ಥಾಪಕರಲ್ಲಿ ಒಬ್ಬರು. ಹತ್ತೊಂಬತ್ತನೆಯ ಶತಮಾನದ ಮುಂಬೈಗೆ ಚೀನಾ ದೂರದ ದೇಶವಾಗಿರಲಿಲ್ಲ. ಇಲ್ಲಿಂದ ಹತ್ತಿ, ನೂಲು, ಅಫೀಮು ಅಲ್ಲಿಗೆ ಹೋಗುತ್ತಿದ್ದವು. ಅಲ್ಲಿಂದ ಚಹಾ, ರೇಷ್ಮೆ, ಬೆಳ್ಳಿ ಬರುತ್ತಿದ್ದವು. ಅಫೀಮು ಚೀನಾದ ಸಮಾಜವನ್ನೂ ಬೊಕ್ಕಸವನ್ನೂ ಹೇಗೆ ಸೊರಗಿಸಿತೆಂಬುದು ಚರಿತ್ರೆಯ ಓದುಗರಿಗೆ ಗೊತ್ತಿರುವ ಸಂಗತಿ. ಮುಂಬೈಯ ಸಿರಿವಂತಿಕೆಗೂ ಬೀಜಿಂಗ್ ಅರಮನೆಯ ಬಡತನಕ್ಕೂ ನಡುವೆ ಇದ್ದ ಈ ಸಂಬಂಧವನ್ನು ಮರೆತು ಡೇವಿಡ್ ಅವರ ಬದುಕನ್ನು ಅರ್ಥಮಾಡಿಕೊಳ್ಳಲಾಗದು.

ಮೊದಲ ಮಹಾಯುದ್ಧದ ಹೊತ್ತಿಗೆ ಅವರಿಗೆ ಚೀನೀ ಪಿಂಗಾಣಿಯ ಗೀಳು ಹತ್ತಿತ್ತು. 1920ರ ದಶಕದಲ್ಲಿ ಅವರು ಚೀನಾಕ್ಕೆ ಹೋದಾಗ ಅಲ್ಲಿ ರಾಜ್ಯವ್ಯವಸ್ಥೆಯೇ ಕುಸಿದಿತ್ತು. ಕೊನೆಯ ಚಕ್ರವರ್ತಿ ಪುಯಿಯನ್ನು 1924ರಲ್ಲಿ ಅರಮನೆಯಿಂದ ಹೊರಹಾಕಲಾಯಿತು. ಮರುವರ್ಷ ಅದೇ ಅರಮನೆ ಸಾರ್ವಜನಿಕ ವಸ್ತುಸಂಗ್ರಹಾಲಯವಾಯಿತು. ಅದಕ್ಕೂ ಮೊದಲೇ ರಾಜಪರಿವಾರ ತನ್ನ ಖರ್ಚು ತೂಗಿಸಲು ಅಮೂಲ್ಯ ವಸ್ತುಗಳನ್ನು ಬ್ಯಾಂಕಿನಲ್ಲಿ ಅಡವಿಟ್ಟಿತ್ತು. ಬಿಡಿಸಿಕೊಳ್ಳಲಾಗದೆ ಬ್ಯಾಂಕಿನ ವಶದಲ್ಲೇ ಉಳಿದ ಅಂಥ ಕೆಲವು ಪಿಂಗಾಣಿಗಳನ್ನು ಡೇವಿಡ್ 1927ರಲ್ಲಿ ಕೊಂಡರು. ಹಾಗೆಂದು ಅವರು ಕೊಂಡುಹೋದವರಷ್ಟೇ ಅಲ್ಲ. ಅರಮನೆಯ ಸಂಗ್ರಹಾಲಯದಲ್ಲಿ ಪಿಂಗಾಣಿಯ ಪ್ರದರ್ಶನವನ್ನು ಅಣಿಗೊಳಿಸಲು ನೆರವನ್ನೂ ನೀಡಿದರು.

ಹಣವಿದ್ದ ಸಂಗ್ರಾಹಕರು ಆ ಕಾಲದಲ್ಲಿ ಯೂರೋಪ್, ಅಮೆರಿಕಗಳಲ್ಲಿ ಅನೇಕರಿದ್ದರು. ಬಹುತೇಕರ ಕಣ್ಣು ಬಣ್ಣ ಮತ್ತು ಆಕಾರಗಳ ಮೇಲೆ. ಡೇವಿಡ್ ಅವರ ಕಣ್ಣು ಹೋಗುತ್ತಿದ್ದುದು ವಸ್ತುವಿನ ಮೇಲಿನ ಬರಹದತ್ತ. ಅವರು ಚೀನೀ ಭಾಷೆ ಕಲಿತರು. ಪಾತ್ರೆಯ ತಳದ ರಾಜಮುದ್ರೆ, ಹದಿನೆಂಟನೆಯ ಶತಮಾನದ ಚಕ್ರವರ್ತಿ ಚಿಯೆನ್‌ಲುಂಗ್ ತನ್ನ ಮೆಚ್ಚಿನ ಪಾತ್ರೆಗಳ ಮೇಲೆ ಕೆತ್ತಿಸಿದ ಪದ್ಯಗಳು, ಕಾಲ ಮತ್ತು ಸ್ಥಳಗಳ ಉಲ್ಲೇಖ, ಇವೆಲ್ಲ ಅವರಿಗೆ ಅಧ್ಯಯನದ ಆಕರಗಳಾಗಿದ್ದವು. ಹನ್ನೆರಡನೆಯ ಶತಮಾನದ ಆಸುಪಾಸಿನಲ್ಲಿ ಸುಂಗ್ ಅರಮನೆಗಾಗಿ ಅಲ್ಪಕಾಲ ಮಾತ್ರ ತಯಾರಾದ, ತಿಳಿ ನೀಲಿ-ಹಸಿರು ಮೆರುಗಿನ ‘ರು’ ಪಾತ್ರೆಗಳು ಇಂದು ಜಗತ್ತಿನಲ್ಲಿ ನೂರರಷ್ಟೂ ಉಳಿದಿಲ್ಲ. ಅವುಗಳ ಬಗ್ಗೆ ಹಳೆಯ ಚೀನೀ ಗ್ರಂಥಗಳಲ್ಲಿ ಇರುವ ಉಲ್ಲೇಖಗಳನ್ನು ಕಲೆಹಾಕಿ ಡೇವಿಡ್ 1930ರ ದಶಕದಲ್ಲಿ ವಿಸ್ತೃತ ಪ್ರಬಂಧ ಬರೆದರು. ಆ ಪಾತ್ರೆಗಳನ್ನು ಸುಟ್ಟ ಗೂಡುಗಳ ನೆಲೆ ಹೆನಾನ್ ಪ್ರಾಂತದಲ್ಲಿ ಪತ್ತೆಯಾದುದು 1980ರ ದಶಕದಲ್ಲಿ!

ಅವರ ಸಂಗ್ರಹದ ಶಿಖರವೆಂದರೆ ಒಂದು ಜೊತೆ ನೀಲಿ-ಬಿಳಿ ಹೂದಾನಿಗಳು. ಎರಡಡಿಗೂ ತುಸು ಹೆಚ್ಚು ಎತ್ತರ. ಕತ್ತಿನ ಇಕ್ಕೆಲಗಳಲ್ಲಿ ಆನೆಯ ತಲೆಯಾಕಾರದ ಹಿಡಿಕೆಗಳು. ಮೈತುಂಬ ಮೋಡಗಳ ನಡುವೆ ಸಾಗುವ ಡ್ರ್ಯಾಗನ್. ಕತ್ತಿನ ಮೇಲೆ ಒಂದು ಬರಹವಿದೆ. ಝಾಂಗ್ ವೆನ್‌ಜಿನ್ ಎಂಬ ಭಕ್ತ ತನ್ನ ಕುಟುಂಬದ ಕ್ಷೇಮಕ್ಕಾಗಿ ಹರಕೆ ಹೊತ್ತು ಈ ಎರಡು ಹೂದಾನಿಗಳನ್ನೂ ಒಂದು ಧೂಪಪಾತ್ರೆಯನ್ನೂ ದೇವಾಲಯಕ್ಕೆ ಒಪ್ಪಿಸಿದನೆಂದು ಅದು ತಿಳಿಸುತ್ತದೆ. ಅದರಲ್ಲಿ ಅವನ ಊರಿನ ವಿವರವಿದೆ, ತಿಥಿಯೂ ಇದೆ. ಅದು ಕ್ರಿ.ಶ. 1351ಕ್ಕೆ ಸರಿಹೊಂದುತ್ತದೆ. ನಮ್ಮ ದೇವಾಲಯಗಳ ದತ್ತಿ ಶಾಸನಗಳನ್ನು ಕಂಡವರಿಗೆ ಈ ಒಕ್ಕಣೆ ಅಪರಿಚಿತವೆನಿಸದು. ಬೇರೆಬೇರೆ ಕೈ ಸೇರಿದ್ದ ಈ ಎರಡನ್ನು ಡೇವಿಡ್ ಒಂದೊಂದಾಗಿ ಪಡೆದರು. 1935ರಲ್ಲಿ ಎರಡನೆಯದು ದೊರೆತು ಜೊತೆ ಕೂಡಿತು. ಧೂಪಪಾತ್ರೆ ಈವರೆಗೂ ಸಿಕ್ಕಿಲ್ಲ.

ಒಬ್ಬ ಸಾಮಾನ್ಯ ಭಕ್ತನ ಈ ಹರಕೆ ಕಲಾಚರಿತ್ರೆಯನ್ನೇ ತಿದ್ದಿತು. ಪ್ರೌಢವಾದ ನೀಲಿ-ಬಿಳಿ ಪಿಂಗಾಣಿಯೆಲ್ಲ ಮಿಂಗ್ ಕಾಲದ್ದೆಂಬ ನಂಬಿಕೆ ಪಶ್ಚಿಮದ ವಿದ್ವಾಂಸರಲ್ಲಿ ಬೇರೂರಿತ್ತು. ಅದಕ್ಕೂ ಹಿಂದಿನ ಮಂಗೋಲ್ ಅರಸರ ಯುಆನ್ ಕಾಲದಲ್ಲೇ ಈ ಕಲೆ ಪಕ್ವವಾಗಿತ್ತೆಂಬುದಕ್ಕೆ ಈ ಜೋಡಿ ತಿಥಿಸಹಿತ ಸಾಕ್ಷಿಯಾಯಿತು. ಬ್ರಿಟಿಷ್ ಮ್ಯೂಸಿಯಂನ ಹಾಬ್ಸನ್ 1929ರಲ್ಲಿ ಇದರತ್ತ ಗಮನ ಸೆಳೆದರು. 1950ರ ದಶಕದಲ್ಲಿ ಅಮೆರಿಕದ ವಿದ್ವಾಂಸ ಜಾನ್ ಪೋಪ್ ಇದನ್ನೇ ಅಳತೆಗೋಲಾಗಿ ಬಳಸಿ, ಇಸ್ತಾಂಬುಲ್ಲಿನ ಟೊಪ್‌ಕಾಪಿ ಅರಮನೆ ಹಾಗೂ ಇರಾನಿನ ಅರ್ದಬಿಲ್‌ನ ಸಂಗ್ರಹಗಳಲ್ಲಿದ್ದ ಹದಿನಾಲ್ಕನೆಯ ಶತಮಾನದ ಪಿಂಗಾಣಿಗಳನ್ನು ಗುರುತಿಸಿದರು. ಬರಹವನ್ನು ಉಪೇಕ್ಷಿಸಿದ್ದರೆ ಅವು ಎರಡು ಚೆಲುವಾದ ಹೂದಾನಿಗಳಾಗಿ ಮಾತ್ರ ಉಳಿಯುತ್ತಿದ್ದವು.

ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ 1935-36ರಲ್ಲಿ ನಡೆದ ಚೀನೀ ಕಲೆಯ ಅಂತರರಾಷ್ಟ್ರೀಯ ಪ್ರದರ್ಶನದ ಪ್ರಮುಖ ಸಂಘಟಕರು ಡೇವಿಡ್. ಅವರ ಪ್ರಯತ್ನದಿಂದ ಚೀನಾ ಸರ್ಕಾರ ಅರಮನೆಯ ಕಲಾಕೃತಿಗಳನ್ನು ಎರವಲು ನೀಡಲು ಒಪ್ಪಿತು. ಬ್ರಿಟನ್ನಿನ ಯುದ್ಧನೌಕೆಯೊಂದು ಅವುಗಳನ್ನು ಹೊತ್ತು ತಂದಿತು. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಅದನ್ನು ನೋಡಿದರು. ವಿಶ್ವವಿದ್ಯಾಲಯದ ಮಟ್ಟದಲ್ಲಿ ಚೀನೀ ಕಲೆಯ ಬೋಧನೆಗೂ ಅವರು ಹಣ ಒದಗಿಸಿದರು. 1388ರ ಚೀನೀ ಗ್ರಂಥವೊಂದನ್ನು ಆಧರಿಸಿದ ಅವರ ಅನುವಾದ ಪ್ರಕಟವಾದದ್ದು 1971ರಲ್ಲಿ, ಅವರು ತೀರಿಕೊಂಡು ಏಳು ವರ್ಷಗಳಾದ ಮೇಲೆ.

ತಮ್ಮ ಸಂಗ್ರಹವನ್ನೂ ಗ್ರಂಥಭಂಡಾರವನ್ನೂ ಡೇವಿಡ್ 1950ರಲ್ಲಿ ಲಂಡನ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ಸಂಗ್ರಹವನ್ನು ಚದುರಿಸದೆ ಒಂದಾಗಿಯೇ ಕಾಪಾಡಬೇಕೆಂಬುದು ಅವರ ಆಶಯ. 1952ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಡೇವಿಡ್ 1964ರಲ್ಲಿ ನಿಧನರಾದರು. ಮುಂದೆ ಆ ಪ್ರತಿಷ್ಠಾನಕ್ಕೂ ಹಣದ ಅಡಚಣೆ ತಪ್ಪಲಿಲ್ಲ. 2007ರ ಕೊನೆಗೆ ಕಟ್ಟಡದ ಬಾಗಿಲು ಮುಚ್ಚಿತು. 2009ರಲ್ಲಿ ಸಂಗ್ರಹ ಬ್ರಿಟಿಷ್ ಮ್ಯೂಸಿಯಂನ ಪ್ರತ್ಯೇಕ ಕೊಠಡಿಯಲ್ಲಿ ಎರವಲಾಗಿ ನೆಲೆಗೊಂಡಿತು. 2024ರ ನಿರ್ಧಾರ ಆ ಎರವಲನ್ನು ದಾನವಾಗಿ ಮಾರ್ಪಡಿಸುವಂಥದ್ದು.

ಈ ಕಥೆಯಲ್ಲಿ ಇರಿಸುಮುರಿಸು ಉಂಟುಮಾಡುವ ಪ್ರಶ್ನೆಯೊಂದಿದೆ. ಒಂದು ದೇಶ ನಿತ್ರಾಣವಾಗಿದ್ದಾಗ ಅದರ ರಾಜಸಂಪತ್ತನ್ನು ಮತ್ತೊಂದು ದೇಶದ ಸಿರಿವಂತ ಕೊಳ್ಳುವುದು ಕಾನೂನಿಗೆ ಸರಿ ಎನಿಸಿದರೂ ನ್ಯಾಯವೆನ್ನಬಹುದೆ? ಕೊಳ್ಳುವವನಿಗೆ ಆಯ್ಕೆಯಿತ್ತು, ಮಾರುವವನಿಗೆ ಇರಲಿಲ್ಲ. ಅರ್ಥಶಾಸ್ತ್ರ ಓದಿದ ನನಗೆ ಇದನ್ನು ಸರಿಸಮಾನರ ನಡುವಿನ ವ್ಯವಹಾರವೆನ್ನಲು ಮನಸ್ಸು ಬಾರದು. ಡೇವಿಡ್ ಅವರ ವಿದ್ವತ್ತು ಈ ಋಣವನ್ನು ಪೂರ್ತಿ ತೀರಿಸಿತೆಂದು ನಾನು ಹೇಳಲಾರೆ. ಆದರೆ ಅವರು ಆ ವಸ್ತುಗಳನ್ನು ತಮ್ಮ ದಿವಾನಖಾನೆಯ ಅಲಂಕಾರವಾಗಿ ಉಳಿಸಿಕೊಳ್ಳಲಿಲ್ಲ. ಓದಿ, ಅರ್ಥ ಹೇಳಿ, ಸಾರ್ವಜನಿಕರ ವಶಕ್ಕೆ ಕೊಟ್ಟರು. ಅಷ್ಟರಮಟ್ಟಿಗೆ ಋಣ ಹಗುರವಾಯಿತು.

ನಮ್ಮ ದೇಶದಲ್ಲಿ ಪುರಾತನ ವಸ್ತುಗಳ ಖಾಸಗಿ ರಫ್ತನ್ನು 1972ರ ಕಾಯಿದೆ ನಿಷೇಧಿಸಿದೆ. ಅದು ಅಗತ್ಯವೇ. ಆದರೆ ವಸ್ತು ಗಡಿ ದಾಟದಂತೆ ತಡೆದ ಮಾತ್ರಕ್ಕೆ ಅದರ ರಕ್ಷಣೆಯಾಗದು. ಯಾರು ಮಾಡಿಸಿದರು, ಎಲ್ಲಿ ದೊರೆಯಿತು, ಮೇಲಿನ ಬರಹವೇನು ಎಂಬ ದಾಖಲೆಯಿಲ್ಲದೆ ಉಗ್ರಾಣದಲ್ಲಿ ಧೂಳು ಹಿಡಿದು ಕುಳಿತ ವಿಗ್ರಹ ದೇಶದೊಳಗೇ ಇದ್ದೂ ಕಳೆದುಹೋದಂತೆ. ಸರ್ಕಾರಿ ಸೇವೆಯಲ್ಲಿದ್ದ ನಾನು ದಾಖಲೆ ಪುಸ್ತಕವನ್ನು ಬೇಸರದ ಕೆಲಸವೆಂದು ಬಗೆದದ್ದುಂಟು. ಝಾಂಗ್ ವೆನ್‌ಜಿನ್‌ನ ಹರಕೆ ಆರೂವರೆ ಶತಮಾನ ದಾಟಿ ನಮಗೆ ತಿಳಿದದ್ದು ಅವನು ಊರನ್ನೂ ತಿಥಿಯನ್ನೂ ಬರೆಸಿದ್ದರಿಂದ, ಮತ್ತು ಅದನ್ನು ಓದಬೇಕೆಂದು ಒಬ್ಬರಿಗೆ ಅನ್ನಿಸಿದ್ದರಿಂದ.