ಕಣಿಪುರದ ಕವಿ ಪಾರ್ತಿಸುಬ್ಬ

ನವರಾತ್ರಿಯ ಒಂಬತ್ತು ದಿನಗಳು ದೇವಿಯ ಆರಾಧನೆಗೆ ಮೀಸಲಾದರೆ, ವಿಜಯದಶಮಿಯನ್ನು ಶ್ರೀರಾಮನ ವಿಜಯದ ದಿನವೆಂದೂ ನಮ್ಮ ಹಿರಿಯರು ಭಾವಿಸುತ್ತ ಬಂದಿದ್ದಾರೆ. ಈ ಶುಭ ಸಂದರ್ಭದಲ್ಲಿ, ರಾಮಕಥೆಯನ್ನು ಕರಾವಳಿಯ ಗದ್ದೆಬಯಲುಗಳಿಗೆ ಇಳಿಸಿ, ಅಕ್ಷರವರಿಯದ ಜನರ ಮನೆಮಾತಾಗಿಸಿದ ಕವಿಯೊಬ್ಬನನ್ನು ಸ್ಮರಿಸುವುದು ಉಚಿತವೆಂದು ತೋರುತ್ತದೆ. ಆತನೇ ಯಕ್ಷಗಾನದ ಪಿತಾಮಹನೆಂದು ಖ್ಯಾತನಾದ ಪಾರ್ತಿಸುಬ್ಬ.

ಕಾಸರಗೋಡಿನ ಸಮೀಪದ ಕುಂಬಳೆ ಈತನ ಊರು. ಅಡೂರು, ಮಧೂರು, ಕಾವು, ಕಣ್ಯಾರ ಎಂಬವು ಕುಂಬಳೆ ಸೀಮೆಯ ನಾಲ್ಕು ಪ್ರಧಾನ ದೇವಸ್ಥಾನಗಳು. ಅವುಗಳಲ್ಲಿ ಕಣ್ಯಾರವೆಂದರೆ ಕುಂಬಳೆಯ ಕಣಿಪುರ ಶ್ರೀ ಗೋಪಾಲಕೃಷ್ಣನ ಸನ್ನಿಧಿ. ಕಣ್ವ ಮಹರ್ಷಿಗಳು ಇಲ್ಲಿ ಬಾಲಕೃಷ್ಣನನ್ನು ಪ್ರತಿಷ್ಠಾಪಿಸಿದರೆಂದು ಐತಿಹ್ಯವಿದೆ. ಸುಬ್ಬನ ತಾಯಿ ಪಾರ್ವತಿ ಈ ದೇವಾಲಯದ ಸೇವೆಯಲ್ಲಿದ್ದಳೆಂದೂ, ಆಕೆಯ ಹೆಸರೇ ಜನರ ಬಾಯಲ್ಲಿ ಪಾರ್ತಿಯಾಗಿ ಮಗನ ಹೆಸರಿಗೆ ಸೇರಿತೆಂದೂ ಪರಂಪರೆಯಿಂದ ಹೇಳಿಕೊಂಡು ಬಂದಿದ್ದಾರೆ. ತಾಯಿಯ ಹೆಸರಿನಿಂದ ಗುರುತಿಸಲ್ಪಟ್ಟ ಕವಿ ನಮ್ಮಲ್ಲಿ ವಿರಳ. 18ನೆಯ ಶತಮಾನದ ಉತ್ತರಾರ್ಧದಿಂದ 19ನೆಯ ಶತಮಾನದ ಆರಂಭದವರೆಗಿನ ಅವಧಿ ಈತನ ಕಾಲವೆಂದು ಸಾಮಾನ್ಯವಾಗಿ ಭಾವಿಸಲಾಗಿದೆ.

ಸುಬ್ಬನಿಗಿಂತ ಮೊದಲೂ ಯಕ್ಷಗಾನವಿತ್ತು. ಆದರೂ ಆತನನ್ನು ಪಿತಾಮಹನೆನ್ನುವುದಕ್ಕೆ ಕಾರಣವಿದೆ. ಪುತ್ರಕಾಮೇಷ್ಟಿಯಿಂದ ತೊಡಗಿ ಸೀತಾಕಲ್ಯಾಣ, ಪಂಚವಟಿ, ವಾಲಿಸಂಹಾರ, ಅಂಗದಸಂಧಾನ ಮೊದಲಾದ ಪ್ರಸಂಗಗಳಲ್ಲಿ ಇಡೀ ರಾಮಾಯಣವನ್ನು ಆಟಕ್ಕೆ ಒದಗಿಸಿಕೊಟ್ಟ ಕೀರ್ತಿ ಈತನದು. ಕುಮಾರವಾಲ್ಮೀಕಿಯ ತೊರವೆ ರಾಮಾಯಣ ಈತನಿಗೆ ಆಧಾರವಾಯಿತು. ಈತನು ಮಲೆಯಾಳ ನಾಡಿನಲ್ಲಿ ಸಂಚರಿಸಿ, ಕೊಟ್ಟಾರಕ್ಕರದ ಅರಸನು ರಚಿಸಿದ ರಾಮನಾಟ್ಟವನ್ನು ಕಂಡು ಬಂದನೆಂಬ ಪ್ರತೀತಿಯೂ ಇದೆ. ಎರಡು ನಾಡುಗಳ ಈ ರಾಮಕಥೆಗಳಲ್ಲಿರುವ ಹೋಲಿಕೆಗಳನ್ನು ವಿದ್ವಾಂಸರು ಗುರುತಿಸಿದ್ದಾರೆ.

ಮುಳಿಯ ತಿಮ್ಮಪ್ಪಯ್ಯನವರು 1945ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಈ ಕವಿಯ ಚರಿತ್ರೆಯನ್ನು ಬೆಳಕಿಗೆ ತಂದರು. ಡಾ. ಶಿವರಾಮ ಕಾರಂತರಾದರೋ ಈ ಕೃತಿಗಳೆಲ್ಲವೂ ಕುಂಬಳೆಯ ಸುಬ್ಬನವೆಂಬುದನ್ನು ಒಪ್ಪಲಿಲ್ಲ. ಕುಕ್ಕಿಲ ಕೃಷ್ಣಭಟ್ಟರು ಸುಬ್ಬನ ಪ್ರಸಂಗಗಳನ್ನು ಸಂಪಾದಿಸಿ ಆತನ ಪಕ್ಷವನ್ನು ಎತ್ತಿಹಿಡಿದರು. ವಿದ್ವಾಂಸರ ಈ ವಾದ ಹೇಗೇ ಇರಲಿ, ಕವಿಯು ತನ್ನ ವಿಷಯವನ್ನು ಏನೊಂದೂ ಬರೆದಿಡದೆ ಕಣಿಪುರದ ಕೃಷ್ಣನ ನಾಮವನ್ನು ಮಾತ್ರ ಹಾಡಿನಲ್ಲಿಟ್ಟು ಹೋದನು. ಕರ್ತೃತ್ವವನ್ನು ದೇವರಿಗೆ ಒಪ್ಪಿಸಿದವನಿಗೆ ಇದರಿಂದ ನಷ್ಟವೇನೂ ಆಗಲಿಲ್ಲ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಸುಬ್ಬನು ಬರೆದದ್ದು ಪದಗಳನ್ನು ಮಾತ್ರ, ಪಾತ್ರಗಳ ಮಾತನ್ನಲ್ಲ. ಭಾಗವತರು ಪದ ಎತ್ತುತ್ತಾರೆ, ಮದ್ದಳೆ ಚೆಂಡೆಗಳು ಅದನ್ನು ಹಿಂಬಾಲಿಸುತ್ತವೆ, ವೇಷಧಾರಿಯು ಆ ತಾಳಕ್ಕೆ ಕುಣಿಯುತ್ತಾನೆ. ಕುಣಿತವನ್ನು ನೋಡಿ ಮದ್ದಳೆಗಾರನು ನುಡಿಸುತ್ತಾನೆ, ನುಡಿತವನ್ನು ಕೇಳಿ ವೇಷಧಾರಿಯು ಹೆಜ್ಜೆ ಹಾಕುತ್ತಾನೆ. ಪದ ಮುಗಿದೊಡನೆ ಆತನು ಅರ್ಥ ಹೇಳಬೇಕು. ಆ ಮಾತು ಯಾವ ಪುಸ್ತಕದಲ್ಲಿಯೂ ಇಲ್ಲ. ಆ ಕ್ಷಣದಲ್ಲಿಯೇ ಹುಟ್ಟಬೇಕು. ಮರದ ಮರೆಯಿಂದ ಬಾಣ ಬಿಟ್ಟುದೇಕೆಂದು ವಾಲಿಯು ಶ್ರೀರಾಮನನ್ನು ಕೇಳುವ ಪ್ರಶ್ನೆಗೆ ನಿನ್ನೆ ಬಂದ ಉತ್ತರವೇ ಇಂದು ಬರುವುದಿಲ್ಲ. ಎದುರಾಳಿ ಬದಲಾದಂತೆ ಮಾತೂ ಬದಲಾಗುತ್ತದೆ. ವೇಷವಿಲ್ಲದೆ ಕುಳಿತು ನಡೆಸುವ ತಾಳಮದ್ದಳೆಯಲ್ಲಂತೂ ಈ ಆಶುಮಾತೇ ಸರ್ವಸ್ವ.

ಆದ್ದರಿಂದ ಈ ಕಲೆ ಬದುಕಬೇಕಾದರೆ ಕನ್ನಡ ನಾಲಗೆಯ ಮೇಲೆ ಬದುಕಿರಬೇಕು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಬಳಿಕವೂ ಅಲ್ಲಿ ಕನ್ನಡವನ್ನು ಕಾಯ್ದುಕೊಂಡು ಬಂದವುಗಳಲ್ಲಿ ಸುಬ್ಬನ ಪದಗಳಿಗೂ ಪಾಲಿದೆ. ನಾಡಿನ ಗಡಿಯಾಚೆ ನೆಲೆಸಿದ ನಮಗೂ ಅದು ಅನ್ವಯಿಸುವ ಮಾತು.

ಪತ್ತನಾಜೆಯಂದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ಊರಿನ ಕಲಾವಿದರು ಮುಂಬಯಿಗೆ ಬರುವುದುಂಟು. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಸಭಾಗೃಹಗಳಲ್ಲಿ ಆಗ ಚೆಂಡೆಯ ದನಿ ಕೇಳುತ್ತದೆ. ಕೆಲವು ವರ್ಷಗಳ ಹಿಂದೆ ಡೊಂಬಿವಲಿಯಲ್ಲಿ ನಮ್ಮ ಮಕ್ಕಳೇ ಅಂಗದಸಂಧಾನದ ತಾಳಮದ್ದಳೆಗೆ ಕುಳಿತರು. ಅಂಗದನ ಅರ್ಥ ಹೇಳಬೇಕಾದ ಹುಡುಗನು ಇಂಗ್ಲಿಷ್ ಶಾಲೆಯಲ್ಲಿ ಓದುವವನು. ಆಟಕ್ಕೆ ಮರಾಠಿ, ಅಜ್ಜಿಯೊಡನೆ ಮಾತ್ರ ಕನ್ನಡ. ಬಾಯಿಪಾಠ ಮಾಡಿದ್ದ ಮಾತು ರಾವಣನ ಮೊದಲ ಪ್ರಶ್ನೆಗೇ ಮರೆತುಹೋಯಿತು. ಭಾಗವತರು ಗದರಲಿಲ್ಲ, ಅದೇ ಪದವನ್ನು ಮತ್ತೊಮ್ಮೆ ನಿಧಾನವಾಗಿ ಹಾಡಿದರು. ಹುಡುಗನು ಒಂದು ಕ್ಷಣ ತಲೆತಗ್ಗಿಸಿದ್ದು, ಆಮೇಲೆ ತನ್ನ ಅಜ್ಜಿಯ ಕನ್ನಡದಲ್ಲಿಯೇ ರಾವಣನಿಗೆ ಬುದ್ಧಿ ಹೇಳಿದನು. ವ್ಯಾಕರಣ ತಪ್ಪಿತು, ತಾಳ ತಪ್ಪಲಿಲ್ಲ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಆ ಅಜ್ಜಿಯ ಕಣ್ಣು ತುಂಬಿದ್ದನ್ನು ನಾನು ಕಂಡೆ. ಎರಡು ಶತಮಾನಗಳ ಹಿಂದಿನ ಕವಿಯು ಪದವನ್ನಷ್ಟೇ ಬರೆದು ಮಾತನ್ನು ನಮಗೆ ಬಿಟ್ಟುಹೋದುದರ ಬೆಲೆ ಆ ದಿನ ನನಗೆ ತಿಳಿಯಿತು.

ಕರ್ನಾಟಕದ ಯಕ್ಷಗಾನ ಅಕಾಡೆಮಿಯು ತನ್ನ ಹಿರಿಯ ಪ್ರಶಸ್ತಿಗೆ ಪಾರ್ತಿಸುಬ್ಬನ ಹೆಸರನ್ನಿಟ್ಟು ಗೌರವಿಸಿದೆ. ನಾವು ಮಾಡಬಹುದಾದ ಗೌರವ ಇನ್ನೊಂದಿದೆ. ಸುಬ್ಬನು ಪದಗಳಲ್ಲಿ ಕಟ್ಟಿದ ಪಂಚವಟಿಯನ್ನು ಜನರು ನಾಸಿಕದ ಗೋದಾವರಿ ತೀರದಲ್ಲಿ ಕಾಣುತ್ತಾರೆ. ಕಲ್ಯಾಣದಿಂದ ಅದು ರೈಲಿನಲ್ಲಿ ಕೆಲವೇ ಗಂಟೆಗಳ ದಾರಿ. ಅಲ್ಲಿಗೆ ಯಾತ್ರೆ ಹೋಗುವಾಗ ಮಕ್ಕಳಿಗೆ ಆ ಕಥೆಯನ್ನು ಕನ್ನಡದಲ್ಲಿ ಹೇಳೋಣ. ಅವರಿಂದಲೂ ಕನ್ನಡದಲ್ಲಿಯೇ ಹೇಳಿಸೋಣ.

ಕಣಿಪುರದ ಶ್ರೀ ಗೋಪಾಲಕೃಷ್ಣನು ನಮ್ಮ ಮಕ್ಕಳ ನಾಲಗೆಯಲ್ಲಿ ಕನ್ನಡವನ್ನು ನೆಲೆಗೊಳಿಸಲಿ; ತಾಯಿ ಶಾರದೆಯು ಸರ್ವರಿಗೂ ಸನ್ಮಂಗಳವನ್ನುಂಟುಮಾಡಲಿ.